ಅತ್ಯುತ್ತಮ ವೆಸ್ಟರ್ನ್ ಯಾವುದೆಂಬ ಜಗಳ ತೆರೆಯ ಮೇಲೆಯೇ ನಡೆದಿದೆ

1953ರ ಮಾರ್ಚ್‌ನಲ್ಲಿ ನಡೆದ ಆಸ್ಕರ್ ಸಮಾರಂಭದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ‘ಹೈ ನೂನ್’ ಚಿತ್ರಕ್ಕಾಗಿ ಗ್ಯಾರಿ ಕೂಪರ್ ಪಾಲಾಯಿತು. ಕೂಪರ್ ಸಮಾರಂಭಕ್ಕೆ ಬಂದಿರಲಿಲ್ಲ. ಅವರ ಪರವಾಗಿ ವೇದಿಕೆ ಹತ್ತಿ ಪ್ರಶಸ್ತಿ ಸ್ವೀಕರಿಸಿದವರು ನಟ ಜಾನ್ ವೇಯ್ನ್. ಗೆಳೆಯನ ಮೇಲೆ ವೇಯ್ನ್‌ಗೆ ಪ್ರೀತಿಯಿತ್ತು. ಆ ಚಿತ್ರವನ್ನು ಮಾತ್ರ ಅವರು ಕೊನೆಯವರೆಗೂ ಒಪ್ಪಲಿಲ್ಲ. 1971ರ ಒಂದು ಸಂದರ್ಶನದಲ್ಲಿ ಅದನ್ನು ಅಮೆರಿಕಕ್ಕೆ ಸಲ್ಲದ ಚಿತ್ರವೆಂದೇ ಕರೆದರು. ಅಷ್ಟು ಹೊತ್ತಿಗೆ ಅದಕ್ಕೆ ಅವರ ಉತ್ತರ ತೆರೆ ಕಂಡು ಹನ್ನೆರಡು ವರ್ಷಗಳಾಗಿದ್ದವು. ನಿರ್ದೇಶಕ ಹೋವರ್ಡ್ ಹಾಕ್ಸ್ ಜೊತೆ ಸೇರಿ 1959ರಲ್ಲಿ ಅವರು ಮಾಡಿದ ‘ರಿಯೊ ಬ್ರಾವೊ’, ‘ಹೈ ನೂನ್’ ಎತ್ತಿದ ಪ್ರಶ್ನೆಗೆ ಅಡಿಯಿಂದ ಮುಡಿಯವರೆಗೂ ಕೊಟ್ಟ ಪ್ರತ್ಯುತ್ತರ.

ಎಲ್ಲ ಕಾಲದ ಅತ್ಯುತ್ತಮ ವೆಸ್ಟರ್ನ್ (ಅಮೆರಿಕದ ಪಶ್ಚಿಮದ ಕೌಬಾಯ್, ಶೆರಿಫ್‍ಗಳ ಕಥೆ ಹೇಳುವ ಚಿತ್ರ) ಯಾವುದು ಎಂಬ ಚರ್ಚೆ ಏಕೆ ಬಗೆಹರಿಯುವುದಿಲ್ಲ ಎನ್ನುವುದಕ್ಕೆ ಈ ಎರಡು ಚಿತ್ರಗಳಲ್ಲೇ ಸುಳಿವು ಇದೆ. ವೆಸ್ಟರ್ನ್‌ಗಳು ಒಂದನ್ನೊಂದು ನೋಡಿಕೊಂಡು, ಒಂದರ ಮಾತನ್ನು ಇನ್ನೊಂದು ತಿದ್ದುತ್ತಾ, ಅಲ್ಲಗಳೆಯುತ್ತಾ ಬೆಳೆದವು. ಒಂದು ಚಿತ್ರವನ್ನು ಈ ಸಾಲಿನಿಂದ ಕಿತ್ತು ತೆಗೆದು ಅಂಕ ಕೊಟ್ಟರೆ ಅದರ ಅರ್ಧ ಅರ್ಥ ಹೊರಗೇ ಉಳಿಯುತ್ತದೆ. ಹಾಗಾಗಿ ನಾನು ಪಟ್ಟಿಗಳನ್ನು ಓದುವಾಗ ಮೊದಲು ಕೇಳಿಕೊಳ್ಳುವುದು ಇಷ್ಟೇ: ಈ ಚಿತ್ರ ಯಾರ ಜೊತೆ ವಾದಕ್ಕೆ ಇಳಿದಿದೆ, ಆ ವಾದದಲ್ಲಿ ಎಷ್ಟು ದೂರ ಹೋಗಿದೆ?

ಮೊದಲು ಆ ‘ಪಶ್ಚಿಮ’ದ ವಿಷಯ. ಈ ಚಿತ್ರಗಳು ಹೇಳುವ ಕಾಲ ತೀರಾ ಚಿಕ್ಕದು. ಅಮೆರಿಕದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಟೆಕ್ಸಸ್‌ನಿಂದ ಕ್ಯಾನ್ಸಸ್‌ನ ರೈಲು ನಿಲ್ದಾಣಗಳಿಗೆ ದನದ ಮಂದೆಗಳನ್ನು ಹೊಡೆದುಕೊಂಡು ಹೋಗುವ ದೊಡ್ಡ ಪಯಣಗಳು 1860ರ ದಶಕದ ಕೊನೆಗೆ ಜೋರಾದವು; ಮುಳ್ಳುತಂತಿಯ ಬೇಲಿ ಮತ್ತು ರೈಲು ಹಳಿಗಳು ಇಪ್ಪತ್ತು ವರ್ಷಗಳೊಳಗೆ ಅವನ್ನು ನಿಲ್ಲಿಸಿದವು. 1890ರ ಜನಗಣತಿಯ ವರದಿ, ವಲಸಿಗರ ವಸತಿಗೂ ಖಾಲಿ ನೆಲಕ್ಕೂ ನಡುವೆ ಗೆರೆ ಎಳೆಯುವುದು ಇನ್ನು ಸಾಧ್ಯವಿಲ್ಲವೆಂದಿತು. ‘ಖಾಲಿ’ ಎಂದು ಅದು ಬಗೆದ ನೆಲದಲ್ಲಿ ಜನರಿದ್ದರು. ಅದೇ ವರ್ಷದ ಡಿಸೆಂಬರ್ 29ರಂದು ದಕ್ಷಿಣ ಡಕೋಟಾದ ವುಂಡೆಡ್ ನೀ ಎಂಬಲ್ಲಿ ಸೈನ್ಯ ಲಕೋಟಾ ಮೂಲನಿವಾಸಿಗಳ ಮಾರಣಹೋಮ ನಡೆಸಿತು. ಸತ್ತವರಲ್ಲಿ ಹೆಂಗಸರು ಮಕ್ಕಳು ಬಹಳ ಇದ್ದರು.

ಸಿನಿಮಾ ಕಣ್ಣು ಬಿಡುವ ಹೊತ್ತಿಗೆ ಆ ಕಾಲದ ಜನ ಇನ್ನೂ ಬದುಕಿದ್ದರು. ಎಡ್ವಿನ್ ಪೋರ್ಟರ್ ಅವರ ‘ದಿ ಗ್ರೇಟ್ ಟ್ರೇನ್ ರಾಬರಿ’ ಬಂದದ್ದು 1903ರಲ್ಲಿ. ಅದರ ಉದ್ದ ಸುಮಾರು ಹನ್ನೆರಡು ನಿಮಿಷ, ಚಿತ್ರೀಕರಣ ನಡೆದದ್ದು ಪೂರ್ವ ಕರಾವಳಿಯ ನ್ಯೂಜೆರ್ಸಿಯಲ್ಲಿ! 1881ರ ಅಕ್ಟೋಬರ್ 26ರಂದು ಅರಿಜೋನಾದ ಟೂಮ್‌ಸ್ಟೋನ್‌ನಲ್ಲಿ ನಡೆದ ಪ್ರಸಿದ್ಧ ಗುಂಡಿನ ಕಾಳಗದಲ್ಲಿದ್ದ ವ್ಯಾಟ್ ಅರ್ಪ್ ತೀರಿಕೊಂಡದ್ದು 1929ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ವಿಲಿಯಂ ಎಸ್. ಹಾರ್ಟ್ ಮತ್ತು ಟಾಮ್ ಮಿಕ್ಸ್ ಎಂಬ ಇಬ್ಬರು ಕೌಬಾಯ್ ತಾರೆಯರೂ ಇದ್ದರು. ಮೂವತ್ತು ಸೆಕೆಂಡುಗಳಷ್ಟೇ ನಡೆದ ಆ ಕಾಳಗವನ್ನು ಹಾಲಿವುಡ್ ಮತ್ತೆ ಮತ್ತೆ ಚಿತ್ರವಾಗಿಸಿತು. ಹೀಗೆ ಘಟನೆಯ ಬಿಸಿ ಆರುವ ಮೊದಲೇ ದಂತಕತೆ ಕಟ್ಟುವ ಕೆಲಸ ಶುರುವಾಗಿತ್ತು. ಮುಂದಿನ ಎಲ್ಲ ವಾದಗಳ ಬೇರು ಇಲ್ಲಿದೆ.

ಜಾನ್ ಫೋರ್ಡ್ ಅವರ ‘ಸ್ಟೇಜ್‌ಕೋಚ್’ (1939) ಈ ದಂತಕತೆಗೆ ಒಂದು ಮುಖ ಕೊಟ್ಟಿತು. ಒಂದು ಕುದುರೆ ಸಾರೋಟಿನಲ್ಲಿ ಒಂಬತ್ತು ಜನ. ಊರಿನವರು ಓಡಿಸಿದ ವೇಶ್ಯೆ, ಕುಡುಕ ವೈದ್ಯ, ಬ್ಯಾಂಕಿನ ಹಣ ಕದ್ದ ಸಭ್ಯಸ್ಥ, ಜೈಲಿನಿಂದ ತಪ್ಪಿಸಿಕೊಂಡ ರಿಂಗೊ ಕಿಡ್. ಸಮಾಜ ತಳ್ಳಿದವರೇ ಇಲ್ಲಿ ಮನುಷ್ಯರು, ಸಮಾಜ ಗೌರವಿಸುವ ಬ್ಯಾಂಕರ್ ಕಳ್ಳ. ರಿಂಗೊ ಆಗಿ ವೇಯ್ನ್ ಬಂದೂಕು ತಿರುಗಿಸುತ್ತಾ ದಾರಿಗಡ್ಡ ನಿಂತಾಗ ಕ್ಯಾಮೆರಾ ಅವರ ಮುಖದತ್ತ ನುಗ್ಗುತ್ತದೆ. ಒಬ್ಬ ತಾರೆ ಹುಟ್ಟಿದ್ದು ಆ ಕ್ಷಣದಲ್ಲಿ. ಹಿನ್ನೆಲೆಯಲ್ಲಿರುವುದು ಯೂಟಾ–ಅರಿಜೋನಾ ಗಡಿಯ ಮಾನ್ಯುಮೆಂಟ್ ವ್ಯಾಲಿ, ನವಾಹೋ ಜನರ ನೆಲ. ಮುಂದೆ ಫೋರ್ಡ್ ಟೆಕ್ಸಸ್‌ನ ಕಥೆಯನ್ನೂ ಅಲ್ಲೇ ಚಿತ್ರೀಕರಿಸಿದರು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ‘ಪಶ್ಚಿಮ’ ಎಂದರೂ ಕಣ್ಣಿಗೆ ಬರುವುದು ಆ ಕೆಂಪು ಕಲ್ಲಿನ ಕಂಬಗಳೇ. ಆದರೆ ‘ಸ್ಟೇಜ್‌ಕೋಚ್’ನ ಅಪಾಚೆ ಮೂಲನಿವಾಸಿ ದಾಳಿಕೋರರಿಗೆ ಮಾತಿಲ್ಲ, ಅವರು ಗುಡ್ಡದ ಮೇಲೆ ಕಾಣಿಸಿಕೊಳ್ಳುವ ಅಪಾಯ ಮಾತ್ರ. ಫೋರ್ಡ್ ಈ ಸಾಲವನ್ನು ತೀರಿಸಲು ತಮ್ಮ ಉಳಿದ ವೃತ್ತಿಜೀವನದಲ್ಲಿ ಮತ್ತೆ ಮತ್ತೆ ಪ್ರಯತ್ನಿಸಿದರು, ಪೂರ್ತಿ ತೀರಿಸಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಈಗ ‘ಹೈ ನೂನ್’ಗೆ ಮರಳೋಣ. ಊರಿನ ಕಾನೂನು ಕಾಯುವ ಮಾರ್ಷಲ್ ವಿಲ್ ಕೇನ್ (ಕೂಪರ್) ಮದುವೆಯಾಗಿ ಊರು ಬಿಡುವ ದಿನ. ತಾನು ಜೈಲಿಗೆ ಕಳಿಸಿದ್ದ ಕೊಲೆಗಾರ ಮಧ್ಯಾಹ್ನ ಹನ್ನೆರಡರ ರೈಲಿಗೆ ಬರುತ್ತಿದ್ದಾನೆಂದು ಅವನಿಗೆ ತಿಳಿಯುತ್ತದೆ. ಚಿತ್ರದ ಉದ್ದ ಸುಮಾರು 85 ನಿಮಿಷ; ಕಥೆಯ ಗಡಿಯಾರವೂ ಹೆಚ್ಚುಕಡಿಮೆ ಅಷ್ಟೇ ಓಡುತ್ತದೆ. ಆ ಅವಧಿಯಲ್ಲಿ ಕೇನ್ ಬಾಗಿಲು ಬಾಗಿಲಿಗೆ ಹೋಗಿ ನೆರವು ಕೇಳುತ್ತಾನೆ. ಚರ್ಚಿನಲ್ಲಿ ಜನ ಚರ್ಚೆ ಮಾಡುತ್ತಾರೆ, ಅವನನ್ನು ಹೊಗಳುತ್ತಾರೆ, ಯಾರೂ ಎದ್ದು ಬರುವುದಿಲ್ಲ. ಚಿತ್ರಕಥೆ ಬರೆದ ಕಾರ್ಲ್ ಫೋರ್‌ಮನ್ ಅವರನ್ನು ಚಿತ್ರ ತಯಾರಾಗುತ್ತಿದ್ದ 1951ರಲ್ಲಿಯೇ ಅಮೆರಿಕದ ಸಂಸತ್ತಿನ ಸಮಿತಿ ಕಮ್ಯುನಿಸ್ಟ್ ನಂಟಿನ ವಿಚಾರಣೆಗೆ ಕರೆಸಿತ್ತು. ಅವರು ಬೇರೆಯವರ ಹೆಸರು ಹೇಳಲಿಲ್ಲ. ಗೆಳೆಯರು ದೂರವಾದರು, ಕೆಲಸದ ಬಾಗಿಲುಗಳು ಮುಚ್ಚಿದವು, ಅವರು ಇಂಗ್ಲೆಂಡಿಗೆ ಹೋದರು. ಹಾಗಾಗಿ ಒಂಟಿಯಾದ ಆ ಮಾರ್ಷಲ್‌ನ ನಡಿಗೆಯಲ್ಲಿ ಬರೆದವನ ಬದುಕೂ ಇದೆ. ಹಾಲಿವುಡ್‌ನ ಕಮ್ಯುನಿಸ್ಟ್ ವಿರೋಧಿ ಸಂಘಟನೆಯೊಂದರ ಅಧ್ಯಕ್ಷರಾಗಿದ್ದ ವೇಯ್ನ್‌ಗೆ ಚಿತ್ರ ಕಹಿಯಾದದ್ದು ಇದೇ ಕಾರಣಕ್ಕೆ.

ಹಾಕ್ಸ್ ಅವರ ತಕರಾರು ಬೇರೆ ಬಗೆಯದು. ಒಳ್ಳೆಯ ಶೆರಿಫ್ ಊರೆಲ್ಲ ಸುತ್ತಿ ನೆರವು ಬೇಡುವುದಿಲ್ಲ, ತನ್ನ ಕೆಲಸ ತಾನು ಮಾಡುತ್ತಾನೆ ಎಂಬುದು ಅವರ ನಂಬಿಕೆ. ‘ರಿಯೊ ಬ್ರಾವೊ’ದ ಶೆರಿಫ್ ಬಂದ ನೆರವನ್ನೂ ಬೇಡವೆನ್ನುತ್ತಾನೆ, ಅನುಭವವಿಲ್ಲದವರು ಸುಮ್ಮನೆ ಸಾಯುತ್ತಾರೆಂದು. ಆದರೂ ಒಬ್ಬ ಕುಡುಕ, ಒಬ್ಬ ಕುಂಟ ಮುದುಕ, ಒಬ್ಬ ಹುಡುಗ, ಒಬ್ಬ ಜೂಜುಗಾತಿ ಅವನ ಬೆನ್ನಿಗೆ ನಿಲ್ಲುತ್ತಾರೆ. ಕುಡಿತದ ಚಟದಿಂದ ನಡುಗುವ ಡೀನ್ ಮಾರ್ಟಿನ್ ಅವರ ಕೈ, ಗ್ಲಾಸಿನಲ್ಲಿದ್ದ ಮದ್ಯವನ್ನು ಒಂದು ಹನಿಯೂ ಚೆಲ್ಲದಂತೆ ಮರಳಿ ಬಾಟಲಿಗೆ ಸುರಿಯುವ ದೃಶ್ಯವನ್ನು ನೋಡಿದವರು ಮರೆಯುವುದಿಲ್ಲ. ‘ಹೈ ನೂನ್’ನಲ್ಲಿ ಸಮುದಾಯ ಕೈಬಿಡುತ್ತದೆ, ಇಲ್ಲಿ ಮುರಿದ ಮನುಷ್ಯರು ಸೇರಿ ಸಮುದಾಯವಾಗುತ್ತಾರೆ. ಯಾವುದು ಉತ್ತಮ? ನಿಮ್ಮ ಊರು ಕಷ್ಟದಲ್ಲಿ ನಿಮ್ಮೊಡನೆ ನಿಂತಿತೇ ಇಲ್ಲವೇ ಎಂಬುದರ ಮೇಲೂ ಉತ್ತರ ಬದಲಾಗಬಹುದು. 1989ರ ಜೂನ್ 4ರ ಚುನಾವಣೆಯಲ್ಲಿ ಪೋಲೆಂಡಿನ ಸಾಲಿಡಾರಿಟಿ ಚಳವಳಿ, ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಇದೇ ಕೂಪರ್ ಚಿತ್ರವನ್ನು ಭಿತ್ತಿಪತ್ರವಾಗಿಸಿತು. ಕೈಯಲ್ಲಿ ಪಿಸ್ತೂಲಿನ ಬದಲು ಮತಪತ್ರ, ಎದೆಯ ಮೇಲೆ ಸಾಲಿಡಾರಿಟಿ ಬಿಲ್ಲೆ. ಕಮ್ಯುನಿಸ್ಟ್ ವಾಸನೆಯಿದೆಯೆಂದು ಒಂದು ದೇಶದಲ್ಲಿ ದೂರಿದ ಚಿತ್ರ ಇನ್ನೊಂದು ದೇಶದಲ್ಲಿ ಕಮ್ಯುನಿಸ್ಟ್ ಆಡಳಿತವನ್ನು ಕೆಡವುವವರ ಬಾವುಟವಾಯಿತು. ಇಷ್ಟು ಅರ್ಥಗಳನ್ನು ಹೊರಬಲ್ಲ ಶಕ್ತಿಗಾಗಿ ನಾನು ‘ಹೈ ನೂನ್’ ಅನ್ನು ಮೇಲಿಡುತ್ತೇನೆ. ಮತ್ತೆ ನೋಡುವ ಆಸೆ ಹುಟ್ಟಿಸುವುದು ಮಾತ್ರ ‘ರಿಯೊ ಬ್ರಾವೊ’.

ಪಟ್ಟಿಗಳ ನೆತ್ತಿಯಲ್ಲಿ ಸಾಮಾನ್ಯವಾಗಿ ಕಾಣುವುದು ಫೋರ್ಡ್ ಅವರ ‘ದಿ ಸರ್ಚರ್ಸ್’ (1956). ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2008ರಲ್ಲಿ ಆರಿಸಿದ ಹತ್ತು ವೆಸ್ಟರ್ನ್‌ಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಬಂದ ವರ್ಷ ಇದಕ್ಕೆ ಒಂದು ಆಸ್ಕರ್ ನಾಮನಿರ್ದೇಶನವೂ ಸಿಕ್ಕಿರಲಿಲ್ಲ. ವೇಯ್ನ್ ಇಲ್ಲಿ ಈಥನ್ ಎಡ್ವರ್ಡ್ಸ್, ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಪರ ಹೋರಾಡಿದವನು. 1868ರಲ್ಲಿ ಟೆಕ್ಸಸ್‌ನ ಅಣ್ಣನ ಮನೆಗೆ ಬರುತ್ತಾನೆ. ಕೊಮಾಂಚೆ ಮೂಲನಿವಾಸಿಗಳ ದಾಳಿಯಲ್ಲಿ ಆ ಕುಟುಂಬ ನಾಶವಾಗುತ್ತದೆ. ಪುಟ್ಟ ಹುಡುಗಿ ಡೆಬಿಯನ್ನು ಅವರು ಒಯ್ಯುತ್ತಾರೆ. ವರ್ಷಗಟ್ಟಲೆ ಹುಡುಕಾಟ. ಹುಡುಗಿ ಬೆಳೆದು ಕೊಮಾಂಚೆಯಾಗಿರುತ್ತಾಳೆಂದು ಅರಿವಾಗುತ್ತಾ ಹೋದಂತೆ ಈಥನ್ ಅವಳನ್ನು ಉಳಿಸಲು ಹುಡುಕುತ್ತಿಲ್ಲ, ಕೊಲ್ಲಲು ಹುಡುಕುತ್ತಿದ್ದಾನೆ ಎಂಬುದು ನಮಗೆ ಹೊಳೆಯುತ್ತದೆ. ಅಮೆರಿಕದ ಅತಿ ದೊಡ್ಡ ನಾಯಕನಟನ ಮುಖದಲ್ಲಿ ಜನಾಂಗದ್ವೇಷ ಇಷ್ಟು ಹಸಿಯಾಗಿ ಕಂಡದ್ದು ಆ ಕಾಲಕ್ಕೆ ದೊಡ್ಡ ಮಾತು. ಸತ್ತ ಕೊಮಾಂಚೆಯೊಬ್ಬನ ಕಣ್ಣುಗಳಿಗೆ ಅವನು ಗುಂಡು ಹೊಡೆಯುತ್ತಾನೆ; ಕಣ್ಣಿಲ್ಲದ ಆತ್ಮ ಅಲೆಯುತ್ತಲೇ ಇರಬೇಕೆಂಬ ಅವರ ನಂಬಿಕೆ ಅವನಿಗೆ ಗೊತ್ತು. ದ್ವೇಷಿಸುವ ಜನರನ್ನು ಇಷ್ಟು ಹತ್ತಿರದಿಂದ ಬಲ್ಲವನು! ಕೊನೆಯಲ್ಲಿ ಡೆಬಿಯನ್ನು ಹಿಡಿದು ಮೇಲೆತ್ತಿದ ಆ ಕೈಗಳು ಅವಳನ್ನು ಕೊಲ್ಲುವುದಿಲ್ಲ. ಎಲ್ಲರೂ ಮನೆಯೊಳಗೆ ಹೋಗುತ್ತಾರೆ, ಈಥನ್ ಹೊಸ್ತಿಲ ಆಚೆಯೇ ಉಳಿಯುತ್ತಾನೆ, ಬಾಗಿಲು ಮುಚ್ಚುತ್ತದೆ.

ಈ ಚಿತ್ರದ ಮೊದಲ ಸ್ಥಾನವನ್ನು ಪ್ರಶ್ನಿಸುವವರ ವಾದವೂ ಗಟ್ಟಿಯಾಗಿದೆ. ಕೊಮಾಂಚೆ ನಾಯಕ ಸ್ಕಾರ್ ಪಾತ್ರ ಮಾಡಿದವರು ಜರ್ಮನಿಯಲ್ಲಿ ಹುಟ್ಟಿದ ಹೆನ್ರಿ ಬ್ರಾಂಡನ್. ಲುಕ್ ಎಂಬ ಮೂಲನಿವಾಸಿ ಹೆಂಗಸನ್ನು ಇಳಿಜಾರಿನಲ್ಲಿ ಒದ್ದು ಉರುಳಿಸುವುದನ್ನು ಚಿತ್ರ ನಗೆಯ ಸಂಗತಿಯಾಗಿ ತೋರಿಸುತ್ತದೆ. ನನಗೆ ಹೆಚ್ಚು ಕಾಡುವುದು ಇನ್ನೊಂದು. ಟೆಕ್ಸಸ್‌ನ ಇತಿಹಾಸದಲ್ಲಿ ಸಿಂಥಿಯಾ ಆನ್ ಪಾರ್ಕರ್ ಎಂಬ ಹುಡುಗಿ 1836ರಲ್ಲಿ ಕೊಮಾಂಚೆಗಳ ವಶವಾಗಿದ್ದಳು. ಅವರಲ್ಲೇ ಬೆಳೆದು, ಮದುವೆಯಾಗಿ, ಮಕ್ಕಳನ್ನು ಹೆತ್ತಳು. 1860ರಲ್ಲಿ ಅವಳನ್ನು ‘ಬಿಡಿಸಿ’ ಕರೆತಂದಾಗ ಅವಳು ಹುಟ್ಟಿದ ಮನೆಗೆ ಹೊಂದಿಕೊಳ್ಳಲೇ ಇಲ್ಲ. ಕೊಮಾಂಚೆಗಳ ಬಳಿಗೆ ಮರಳಲು ಹಂಬಲಿಸಿದಳು. ಅವಳ ಮಗ ಕ್ವಾನಾ ಪಾರ್ಕರ್ ಮುಂದೆ ಕೊಮಾಂಚೆಗಳ ಹೆಸರಾಂತ ನಾಯಕನಾದ. ಚಿತ್ರದ ಡೆಬಿಯೂ ಒಮ್ಮೆ ಇವರೇ ನನ್ನ ಜನ ಎನ್ನುತ್ತಾಳೆ. ಆದರೆ ಕೊನೆಗೆ ಮರುಮಾತಿಲ್ಲದೆ ಮನೆಗೆ ಬರುತ್ತಾಳೆ. ಈಥನ್‌ನ ಮನಸ್ಸಿನೊಳಗೆ ಅಷ್ಟು ಆಳಕ್ಕೆ ಇಳಿದ ಫೋರ್ಡ್, ಯಾರಿಗಾಗಿ ಈ ಹುಡುಕಾಟವೋ ಅವಳ ಮನಸ್ಸಿನ ಹೊಸ್ತಿಲನ್ನು ದಾಟಲಿಲ್ಲ. ಚಿತ್ರದ ದೊಡ್ಡತನವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ; ಮೊದಲ ಸ್ಥಾನ ಕೊಡಲು ಈ ಒಂದು ಕಾರಣಕ್ಕೆ ಕೈ ತಡೆಯುತ್ತದೆ.

ಅಮೆರಿಕನ್ ಪಟ್ಟಿಯಲ್ಲಿ ಸರ್ಜಿಯೊ ಲಿಯೋನೆ ಅವರ ಒಂದು ಚಿತ್ರವೂ ಇಲ್ಲವೆಂದು ಹಲವರು ಸಿಟ್ಟಾಗುತ್ತಾರೆ. ಕಾರಣ ಸರಳ, ಅದು ಅಮೆರಿಕನ್ ಚಿತ್ರಗಳ ಪಟ್ಟಿ. ಲಿಯೋನೆ ಇಟಲಿಯವರು, ಅವರ ಮರುಭೂಮಿಯ ಬಹುಪಾಲು ಸ್ಪೇನಿನ ಅಲ್ಮೆರಿಯಾದ್ದು. ಆದರೆ ವೆಸ್ಟರ್ನ್ ಎಂಬುದು ಅಷ್ಟು ಹೊತ್ತಿಗಾಗಲೇ ಒಂದು ದೇಶದ ಸ್ವತ್ತಾಗಿ ಉಳಿದಿರಲಿಲ್ಲ. ಫೋರ್ಡ್ ಚಿತ್ರಗಳನ್ನು ಮೆಚ್ಚಿದ್ದ ಜಪಾನಿನ ಅಕಿರಾ ಕುರೊಸಾವಾ 1954ರಲ್ಲಿ ‘ಸೆವೆನ್ ಸಮುರಾಯ್’ ಮಾಡಿದರು. ಹಾಲಿವುಡ್ 1960ರಲ್ಲಿ ಅದನ್ನು ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಆಗಿಸಿತು. ಕುರೊಸಾವಾ ಅವರ ‘ಯೋಜಿಂಬೊ’ (1961) ಕಥೆಯನ್ನು ಅನುಮತಿ ಪಡೆಯದೆ ಲಿಯೋನೆ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ (1964) ಆಗಿ ತೆಗೆದರು. ಪ್ರಕರಣ ಕಾನೂನಿನ ಮೆಟ್ಟಿಲೇರಿ, ಚಿತ್ರದ ಗಳಿಕೆಯಲ್ಲಿ ಜಪಾನೀಯರಿಗೆ ಪಾಲು ಕೊಟ್ಟ ಮೇಲೆ ಮುಗಿಯಿತು. ಕಿರುತೆರೆಯ ಕೌಬಾಯ್ ಆಗಿದ್ದ ಕ್ಲಿಂಟ್ ಈಸ್ಟ್‌ವುಡ್ ಅಲ್ಲಿಂದ ತಾರೆಯಾದರು.

ಲಿಯೋನೆ ಫೋರ್ಡ್‌ಗೆ ಕೊಟ್ಟ ಉತ್ತರ ಕಣ್ಣಿಗೆ ಕಾಣುವಂಥದ್ದು. ಅವರ ಚಿತ್ರಗಳನ್ನು ಟೆಕ್ನಿಸ್ಕೋಪ್ ಎಂಬ ವಿಧಾನದಲ್ಲಿ ಚಿತ್ರೀಕರಿಸಿದರು. ಅದರಲ್ಲಿ ಪ್ರತಿ ಚೌಕಟ್ಟಿಗೂ ಸಾಮಾನ್ಯದ ಅರ್ಧದಷ್ಟು ಫಿಲ್ಮ್ ಸಾಕು, ಆದರೂ ಚಿತ್ರ ಅಗಲವಾಗಿ ಬರುತ್ತದೆ. ಆ ಅಗಲದ ತುಂಬ ಅವರು ಮುಖಗಳನ್ನು ಹರಡಿದರು. ಬೆವರು, ನೊಣ, ಕಣ್ಣಿನ ಸುಕ್ಕು. ಫೋರ್ಡ್‌ಗೆ ಬೆಟ್ಟಗಳಿದ್ದ ಜಾಗದಲ್ಲಿ ಲಿಯೋನೆಗೆ ಮುಖಗಳು. ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ (1968) ಚಿತ್ರಕ್ಕೆ ಎನ್ನಿಯೊ ಮೊರಿಕೋನೆ ಸಂಗೀತವನ್ನು ಮೊದಲೇ ರಚಿಸಿದ್ದರು. ಅದನ್ನು ಚಿತ್ರೀಕರಣದ ಜಾಗದಲ್ಲಿ ನುಡಿಸಿ, ಅದರ ಲಯಕ್ಕೆ ನಟರು ನಡೆದರು. ಫೋರ್ಡ್ ಚಿತ್ರಗಳಲ್ಲಿ ಸಜ್ಜನಿಕೆಯ ಮೂರ್ತಿಯಾಗಿದ್ದ ಹೆನ್ರಿ ಫೋಂಡಾ ಇಲ್ಲಿ ಮೊದಲು ಕಾಣಿಸಿಕೊಳ್ಳುವುದೇ ಒಂದು ಕುಟುಂಬವನ್ನು ಕೊಂದು, ಉಳಿದ ಒಬ್ಬ ಹುಡುಗನ ಎದುರು ನಿಂತಾಗ. ಆ ನೀಲಿ ಕಣ್ಣುಗಳನ್ನು ಹತ್ತಿರದಿಂದ ತೋರಿಸಿ ಲಿಯೋನೆ ಮೂವತ್ತು ವರ್ಷಗಳ ನಂಬಿಕೆಯನ್ನು ಒಡೆಯುತ್ತಾರೆ.

ಈ ಎಳೆ ನಮ್ಮ ರಾಮನಗರಕ್ಕೂ ಬಂತು. ಕುಟುಂಬವನ್ನು ಕೊಲ್ಲುವ ಆ ದೃಶ್ಯದ ನೆರಳು 1975ರ ಹಿಂದಿ ಚಿತ್ರ ‘ಶೋಲೆ’ಯಲ್ಲಿ ಠಾಕೂರನ ಮನೆಯವರ ಹತ್ಯೆಯ ಮೇಲೆ ಬಿದ್ದಿದೆ. ಹಳ್ಳಿಯನ್ನು ಡಕಾಯಿತರಿಂದ ಕಾಯಲು ಬಾಡಿಗೆಗೆ ಬಂದವರ ಕಥೆ ಕುರೊಸಾವಾನಿಂದ ಹಾಲಿವುಡ್ ಮೂಲಕ ಇಲ್ಲಿಗೆ ತಲುಪಿದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವವರಿಗೆಲ್ಲ ಪರಿಚಿತವಾದ ಆ ಹೆಬ್ಬಂಡೆಗಳೇ ಇಲ್ಲಿ ಮಾನ್ಯುಮೆಂಟ್ ವ್ಯಾಲಿಯ ಕೆಲಸ ಮಾಡಿದವು. ಗಿರೀಶ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರದಲ್ಲಿ ಶಂಕರ್ ನಾಗ್ ಅವರನ್ನು ಬಾಡಿಗೆ ಯೋಧನಾಗಿಸಿದಾಗ ಅವರೂ ಕುರೊಸಾವಾನಿಂದಲೇ ಪ್ರೇರಣೆ ಪಡೆದಿದ್ದರು. ಕನ್ನಡದ ಹಿರಿಯ ಪ್ರೇಕ್ಷಕರಲ್ಲಿ ಹಲವರಿಗೆ ವೆಸ್ಟರ್ನ್ ಎಂದರೆ ‘ಮೆಕೆನ್ನಾಸ್ ಗೋಲ್ಡ್’ (1969). ಅಮೆರಿಕದಲ್ಲಿ ಸೋತ ಆ ಚಿತ್ರ ಭಾರತದಲ್ಲಿ ಭಾರಿ ಯಶಸ್ಸು ಕಂಡಿತ್ತು. ವಿಮರ್ಶಕರ ಪಟ್ಟಿಗಳಲ್ಲಿ ಅದನ್ನು ಹುಡುಕಿ ನಿರಾಶರಾಗಬೇಡಿ. ಆ ಪಟ್ಟಿಗಳನ್ನು ಮಾಡುವವರು ಅದನ್ನು ನಮ್ಮ ಚಿತ್ರಮಂದಿರಗಳ ಕತ್ತಲಲ್ಲಿ ಕುಳಿತು ನೋಡಿದವರಲ್ಲ.

1969ರ ನಂತರದ ಹತ್ತು ವರ್ಷ ಬೇಗ ಹೇಳಿಬಿಡಬಹುದು. ವಿಯೆಟ್ನಾಂ ಯುದ್ಧ ಮನೆಮನೆಯ ಟಿ.ವಿ.ಯಲ್ಲಿ ನಡೆಯುತ್ತಿದ್ದಾಗ ಸ್ಯಾಮ್ ಪೆಕಿನ್‌ಪಾ ‘ದಿ ವೈಲ್ಡ್ ಬಂಚ್’ನಲ್ಲಿ ಗುಂಡು ತಗುಲಿದ ದೇಹ ಹೇಗೆ ಬೀಳುತ್ತದೆ ಎಂಬುದನ್ನು ನಿಧಾನಗತಿಯಲ್ಲಿ ತೋರಿಸಿದರು. ರಾಬರ್ಟ್ ಆಲ್ಟ್‌ಮನ್ ಅವರ ‘ಮೆಕೇಬ್ ಅಂಡ್ ಮಿಸೆಸ್ ಮಿಲ್ಲರ್’ (1971) ಹಿಮ ಮತ್ತು ಕೆಸರಿನಲ್ಲಿ ಒಂದು ಊರು ಏಳುವುದನ್ನು, ಅದನ್ನು ದೊಡ್ಡ ಗಣಿ ಕಂಪನಿ ನುಂಗಲು ಬರುವುದನ್ನು ತೋರಿಸಿತು. ಎರಡೂ ದೊಡ್ಡ ಚಿತ್ರಗಳೇ. 1980ರ ‘ಹೆವನ್ಸ್ ಗೇಟ್’ ಭಾರಿ ನಷ್ಟ ತಂದ ಮೇಲೆ ಸ್ಟುಡಿಯೊಗಳು ಈ ಪ್ರಕಾರಕ್ಕೆ ಹಣ ಹಾಕಲು ಹೆದರಿದವು.

ಹೆದರಿಕೆ ಕಳೆದದ್ದು 1990ರ ‘ಡ್ಯಾನ್ಸಸ್ ವಿತ್ ವುಲ್ವ್ಸ್’ನಿಂದ. ಅದಕ್ಕೆ ಏಳು ಆಸ್ಕರ್‌ಗಳು ಬಂದವು. ಶ್ರೇಷ್ಠ ಚಿತ್ರ ಪ್ರಶಸ್ತಿ ವೆಸ್ಟರ್ನ್ ಒಂದಕ್ಕೆ ಸಿಕ್ಕಿದ್ದು ‘ಸಿಮರಾನ್’ (1931) ನಂತರ ಅದೇ ಮೊದಲು. ಎರಡು ವರ್ಷ ಬಿಟ್ಟು ಬಂದ ಈಸ್ಟ್‌ವುಡ್ ಅವರ ‘ಅನ್‌ಫರ್ಗಿವನ್’ ಅದಕ್ಕಿಂತ ಮೇಲಿನ ಚಿತ್ರ. ಈ ಕಥೆ ಕೈಯಲ್ಲಿದ್ದರೂ ಪಾತ್ರದ ವಯಸ್ಸು ತಮಗೆ ಬರಲೆಂದು ಅವರು ವರ್ಷಗಟ್ಟಲೆ ಕಾದಿದ್ದರು. ಹಂದಿ ಸಾಕುತ್ತಾ ಬದುಕುವ, ಕುದುರೆ ಹತ್ತಲು ತಡವರಿಸುವ ಮುದಿ ಕೊಲೆಗಾರ ಮನ್ನಿ; ಕೊಲೆಯ ಬಗ್ಗೆ ಬಡಾಯಿ ಕೊಚ್ಚಿ, ಮೊದಲ ಬಾರಿ ಒಬ್ಬನನ್ನು ಕೊಂದು ಅಳುವ ಮಂದದೃಷ್ಟಿಯ ಹುಡುಗ; ಬಂದೂಕುಗಾರರ ಸುಳ್ಳು ಸಾಹಸಗಳನ್ನು ಬರೆದು ಮಾರುವ ಲೇಖಕ; ಕಾನೂನಿನ ಹೆಸರಲ್ಲಿ ಚಿತ್ರಹಿಂಸೆ ಕೊಡುವ ಶೆರಿಫ್ ಆಗಿ ಜೀನ್ ಹ್ಯಾಕ್‌ಮನ್. ಈಸ್ಟ್‌ವುಡ್ ತಾವೇ ಕಟ್ಟಿದ ದಂತಕತೆಯ ಬೆಲೆ ಎಷ್ಟೆಂದು ಇಲ್ಲಿ ಲೆಕ್ಕ ಹಾಕುತ್ತಾರೆ. ಚಿತ್ರವನ್ನು ಅರ್ಪಿಸಿದ್ದು ಸರ್ಜಿಯೊ ಮತ್ತು ಡಾನ್‌ಗೆ. ತಮ್ಮನ್ನು ರೂಪಿಸಿದ ನಿರ್ದೇಶಕರಾದ ಲಿಯೋನೆ ಮತ್ತು ಡಾನ್ ಸೀಗಲ್‌ಗೆ. ನನಗಿರುವ ಒಂದೇ ಆಕ್ಷೇಪ ಕೊನೆಯ ಕಾಳಗದ್ದು. ಹಿಂಸೆ ಎಷ್ಟು ಹೊಲಸೆಂದು ಎರಡು ಗಂಟೆ ತೋರಿಸಿದ ಚಿತ್ರ, ಕೊನೆಗೆ ಆ ಹಿಂಸೆಯ ರೋಮಾಂಚನವನ್ನೇ ನಮಗೆ ಕೊಟ್ಟುಬಿಡುತ್ತದೆ.

ನನ್ನ ಆಯ್ಕೆ ಫೋರ್ಡ್ ಅವರ ‘ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲನ್ಸ್’ (1962). ಇನ್‌ಸ್ಟಿಟ್ಯೂಟಿನ ಹತ್ತರಲ್ಲಿ ಇದು ಇಲ್ಲ. ಕಪ್ಪು ಬಿಳುಪು, ಬಹುತೇಕ ಸ್ಟುಡಿಯೊ ಒಳಗೇ ತೆಗೆದದ್ದು, ಕೆಂಪು ಬೆಟ್ಟಗಳಿಲ್ಲ. ಯುವಕರ ಪಾತ್ರ ಮಾಡಿದ ವೇಯ್ನ್ ಮತ್ತು ಜೇಮ್ಸ್ ಸ್ಟುವರ್ಟ್ ಇಬ್ಬರೂ ಐವತ್ತು ದಾಟಿದ್ದರು. ಅದಕ್ಕೆ ಬಂದ ಟೀಕೆ ಸರಿಯಾದದ್ದೇ. (ಕಥೆ ತಿಳಿಯಬಾರದೆನ್ನುವವರು ಮುಂದಿನ ಪ್ಯಾರಾ ಬಿಟ್ಟು ಓದಬಹುದು.)

ಸೆನೆಟರ್ ಸ್ಟೊಡಾರ್ಡ್ (ಸ್ಟುವರ್ಟ್) ಬಡ ಗೆಳೆಯ ಟಾಮ್ ಡೊನಿಫನ್‌ನ ಅಂತ್ಯಕ್ರಿಯೆಗೆ ರೈಲಿನಲ್ಲಿ ಶಿನ್‌ಬೋನ್ ಎಂಬ ಊರಿಗೆ ಬರುತ್ತಾನೆ. ಅವನ ಇಡೀ ರಾಜಕೀಯ ಜೀವನ ನಿಂತಿರುವುದು ಪುಂಡ ಲಿಬರ್ಟಿ ವ್ಯಾಲನ್ಸ್‌ನನ್ನು ಕೊಂದವನೆಂಬ ಖ್ಯಾತಿಯ ಮೇಲೆ. ಪತ್ರಿಕೆಯವರ ಮುಂದೆ ಅವನು ನಿಜ ಹೇಳುತ್ತಾನೆ: ಗುಂಡು ಹೊಡೆದವನು ಕತ್ತಲಲ್ಲಿ ನಿಂತಿದ್ದ ಡೊನಿಫನ್ (ವೇಯ್ನ್). ಕಾನೂನು ಪುಸ್ತಕ ಹಿಡಿದು ಬಂದ ವಕೀಲ ಸ್ಟೊಡಾರ್ಡನಿಗೆ ಊರನ್ನೂ ತಾನು ಪ್ರೀತಿಸಿದ ಹುಡುಗಿಯನ್ನೂ ಬಿಟ್ಟುಕೊಟ್ಟು ಅವನು ಮರೆಗೆ ಸರಿದ. ಸಂಪಾದಕ ಟಿಪ್ಪಣಿಗಳನ್ನು ಸುಟ್ಟುಹಾಕುತ್ತಾನೆ. ಈ ಪಶ್ಚಿಮದಲ್ಲಿ ದಂತಕತೆ ನಿಜವಾದ ಮೇಲೆ ದಂತಕತೆಯನ್ನೇ ಅಚ್ಚು ಹಾಕುವುದು ಎನ್ನುತ್ತಾನೆ. ಆದರೆ ಫೋರ್ಡ್ ನಿಜವನ್ನು ನಮಗೆ ತೋರಿಸಿಯಾಗಿದೆ. ಪತ್ರಿಕೆ ಮುಚ್ಚಿಟ್ಟದ್ದನ್ನು ಸಿನಿಮಾ ಅಚ್ಚು ಹಾಕಿದೆ.

ಊರಿಗೆ ಕಾನೂನು ಬಂದದ್ದು ಕಾನೂನಿಗೆ ವಿರುದ್ಧವಾದ ಒಂದು ಕೊಲೆಯಿಂದ ಎಂಬ ಸತ್ಯವನ್ನು ಇಷ್ಟು ನೇರವಾಗಿ ಹೇಳಿದ ವೆಸ್ಟರ್ನ್ ಇನ್ನೊಂದಿಲ್ಲ. ಅದರಲ್ಲೊಂದು ಶಾಲೆಯ ದೃಶ್ಯವಿದೆ. ವುಡಿ ಸ್ಟ್ರೋಡ್ ಮಾಡಿದ ಕಪ್ಪು ಜನಾಂಗದ ಪಾಂಪಿ, ಸ್ವಾತಂತ್ರ್ಯ ಘೋಷಣೆಯ ಸಾಲುಗಳನ್ನು ಒಪ್ಪಿಸುತ್ತಾ ಎಲ್ಲ ಮನುಷ್ಯರೂ ಸಮಾನರೆಂಬ ಮಾತಿಗೆ ಬಂದು ಮರೆಯುತ್ತಾನೆ. ಆ ಭಾಗವನ್ನು ಬಹಳ ಜನ ಮರೆಯುತ್ತಾರೆ ಎಂದು ಮೇಷ್ಟ್ರಾದ ಸ್ಟೊಡಾರ್ಡ್ ಸಮಾಧಾನ ಮಾಡುತ್ತಾನೆ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾನೂನು ಬರಲು ಆಗ ಇನ್ನೂ ಎರಡು ವರ್ಷ ಬಾಕಿಯಿತ್ತು. ‘ಸ್ಟೇಜ್‌ಕೋಚ್’ನಿಂದ ಇಪ್ಪತ್ತಮೂರು ವರ್ಷ ತಾವೇ ಕಟ್ಟಿದ ಕಥೆಯ ಅಡಿಪಾಯವನ್ನು ಅದೇ ನಿರ್ದೇಶಕ, ಅದೇ ನಟನನ್ನು ಮುಂದಿಟ್ಟುಕೊಂಡು ಅಗೆದು ತೋರಿಸಿದ್ದು ನನಗೆ ಈ ಪ್ರಕಾರದ ಅತಿ ಎತ್ತರದ ಸಾಧನೆ.

ಮೂಲನಿವಾಸಿಗಳ ಪ್ರಶ್ನೆಗೆ ಮಾತ್ರ ಈ ಚಿತ್ರದಲ್ಲೂ ಉತ್ತರವಿಲ್ಲ. ಫೋರ್ಡ್ 1964ರಲ್ಲಿ ‘ಶಾಯೆನ್ ಆಟಮ್’ನಲ್ಲಿ ಪ್ರಯತ್ನಿಸಿದರು, ಮುಖ್ಯ ಶಾಯೆನ್ ಪಾತ್ರಗಳನ್ನು ಆಗಲೂ ಮೂಲನಿವಾಸಿಗಳು ಮಾಡಲಿಲ್ಲ. ಕ್ರಿಸ್ ಐರ್ ನಿರ್ದೇಶನದ ‘ಸ್ಮೋಕ್ ಸಿಗ್ನಲ್ಸ್’ (1998) ಬರುವವರೆಗೂ ಆ ಜನ ತಾವೇ ಬರೆದು, ನಿರ್ದೇಶಿಸಿ, ನಟಿಸಿದ ಕಥೆ ಅಮೆರಿಕದ ಚಿತ್ರಮಂದಿರಗಳಲ್ಲಿ ದೊಡ್ಡದಾಗಿ ಕಾಣಿಸಿಕೊಂಡಿರಲಿಲ್ಲ. ಅದು ಕುದುರೆ ಬಂದೂಕುಗಳ ಚಿತ್ರವಲ್ಲ, ಇಂದಿನ ಇಬ್ಬರು ಯುವಕರ ಬಸ್ ಪ್ರಯಾಣ. ದಾರಿಯಲ್ಲಿ ಅವರು ಜಾನ್ ವೇಯ್ನ್ ಹಲ್ಲುಗಳ ಬಗ್ಗೆ ಹಾಡು ಕಟ್ಟಿ ಹಾಡುತ್ತಾರೆ. ‘ದಿ ಸರ್ಚರ್ಸ್’ ನೋಡಿದ ವಾರದಲ್ಲೇ ಅದನ್ನೂ ನೋಡಿ. ‘ಹೈ ನೂನ್’ ಜೊತೆ ‘ರಿಯೊ ಬ್ರಾವೊ’, ‘ಸ್ಟೇಜ್‌ಕೋಚ್’ ಜೊತೆ ‘ಲಿಬರ್ಟಿ ವ್ಯಾಲನ್ಸ್’, ಈಸ್ಟ್‌ವುಡ್ ನಟಿಸಿದ ಲಿಯೋನೆ ಅವರ ಡಾಲರ್ ಚಿತ್ರಗಳ ಜೊತೆ ‘ಅನ್‌ಫರ್ಗಿವನ್’ ನೋಡಿ, ಆಮೇಲೆ ನನ್ನ ಆಯ್ಕೆಯ ವಿರುದ್ಧ ವಾದ ಹೂಡಿ.